ಪರೇಲಿನ ದೊಡ್ಡಮನೆ, ನಮ್ಮ ಮಾಟುಂಗ

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಪರೇಲ್ ಅಂದರೆ ಆಸ್ಪತ್ರೆ. ಊರಿನಲ್ಲಿ ಯಾರಿಗಾದರೂ ಗಡ್ಡೆ ಕಾಣಿಸಿಕೊಂಡು, ಮಂಗಳೂರಿನಲ್ಲೋ ಮಣಿಪಾಲದಲ್ಲೋ ತೋರಿಸಿ ಆದ ಮೇಲೆ, "ಒಂದು ಸಲ ಟಾಟಾದಲ್ಲೂ ತೋರಿಸಿಬಿಡೋಣ" ಎಂಬ ಮಾತು ಬಂದಾಗ ಫೋನು ಬರುವುದು ನಮಗೇ. ಹಾಗಾಗಿ ನಮ್ಮಲ್ಲಿ ಬಹಳಷ್ಟು ಮಂದಿ ಆಚಾರ್ಯ ದೋಂದೆ ಮಾರ್ಗದಲ್ಲಿ ಕೈಯಲ್ಲಿ ಫೈಲು ಹಿಡಿದು ಓಡಾಡಿದವರೇ. ಟಾಟಾ ಮೆಮೋರಿಯಲ್, ಕೆ.ಇ.ಎಂ., ವಾಡಿಯಾ ಎಲ್ಲವೂ ಅಲ್ಲೇ ಆಸುಪಾಸಿನಲ್ಲಿವೆ. ಅದೇ ರಸ್ತೆಯಲ್ಲಿ, ದೊಡ್ಡ ದೊಡ್ಡ ಮರಗಳ ಹಿಂದೆ, ಒಂದು ಹಳೆಯ ಉದ್ದನೆಯ ಕಟ್ಟಡವಿದೆ. ಹೆಸರು ಹಾಫ್‌ಕಿನ್ ಸಂಸ್ಥೆ. ಲಸಿಕೆ, ಹಾವಿನ ವಿಷಕ್ಕೆ ಮದ್ದು ಎಂದೊಡನೆ ಹಳೆಯ ಮುಂಬಯಿಕರರಿಗೆ ನೆನಪಾಗುವ ಹೆಸರು ಅದು.

ಆ ಕಟ್ಟಡ ಪ್ರಯೋಗಾಲಯವಾಗಲೆಂದು ಕಟ್ಟಿದ್ದಲ್ಲ. ಅದು ಮೊದಲು ಪಾದ್ರಿಗಳ ಮಠ, ಆಮೇಲೆ ಮುಂಬಯಿ ಗವರ್ನರರ ಬಂಗಲೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಸುತ್ತಲಿನ ಗದ್ದೆ ತೋಟಗಳಿಗೆಲ್ಲ ಅದೇ ದೊಡ್ಡಮನೆ. ಹದಿನಾಲ್ಕು ವರ್ಷಗಳಿಂದ ಮಾಟುಂಗದಲ್ಲಿ ಬಾಡಿಗೆಗೆ ಇದ್ದು, ದಿನಾ ಲೋವರ್ ಪರೇಲಿನ ಆಫೀಸಿಗೆ ಹೋಗಿಬರುವ ನನಗೆ ಈ ಮನೆಯ ಕಥೆಯಲ್ಲಿ ಆಸಕ್ತಿ ಹುಟ್ಟಿದ್ದು ಒಂದು ಕಾರಣಕ್ಕೆ. ಆ ಮನೆಯನ್ನು ಪ್ರಯೋಗಾಲಯ ಮಾಡಿದ ಕಾಯಿಲೆಯೇ ನಮ್ಮ ಮಾಟುಂಗವನ್ನೂ ಹುಟ್ಟಿಸಿತು. ಇಬ್ಬರಿಗೂ ತಾಯಿ ಒಬ್ಬಳೇ, ಪ್ಲೇಗಮ್ಮ.

ದ್ವೀಪವೇ ಒಂದು ಜಮೀನು

ಪರೇಲಿಗೆ ಹೋಗುವ ಮೊದಲು ಕೋಟೆಯ ಕಡೆ ಒಂದು ಹೆಜ್ಜೆ ಇಡಬೇಕು. ಮುಂಬಯಿಯ ಮೊದಲ ದೊಡ್ಡಮನೆ ಇದ್ದದ್ದು ಅಲ್ಲಿ.

1534ರಲ್ಲಿ ಗುಜರಾತಿನ ಸುಲ್ತಾನ ಬಹಾದುರ್ ಶಾ ವಸಾಯಿಯ ಒಪ್ಪಂದದ ಮೂಲಕ ಈ ದ್ವೀಪಗಳನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. ಪೋರ್ಚುಗೀಸರು ಅವುಗಳನ್ನು ತಾವೇ ಆಳಲಿಲ್ಲ, ತಮ್ಮವರಿಗೆ ಗೇಣಿಗೆ ಹಂಚಿದರು. 1554ರ ಸುಮಾರಿಗೆ ಮುಂಬಯಿ ದ್ವೀಪ ಗಾರ್ಸಿಯಾ ದ ಓರ್ತಾ ಎಂಬ ವೈದ್ಯನ ಪಾಲಿಗೆ ಬಂತು. ಇಡೀ ದ್ವೀಪಕ್ಕೆ ಒಬ್ಬ ಗೇಣಿದಾರ! ಆತ ಗೋವೆಯಲ್ಲಿ ವೈದ್ಯಕೀಯ ಮಾಡಿಕೊಂಡಿದ್ದವನು. ಭಾರತದ ಗಿಡಮೂಲಿಕೆ, ಔಷಧಿಗಳ ಬಗ್ಗೆ ಆತ ಬರೆದ ಪುಸ್ತಕ 1563ರಲ್ಲಿ ಗೋವೆಯಲ್ಲೇ ಅಚ್ಚಾಯಿತು. ಮುಂಬಯಿಯ ತನ್ನ ಜಮೀನಿನಲ್ಲಿ ವರ್ಷಕ್ಕೆ ಎರಡು ಬಾರಿ ಹಣ್ಣು ಕೊಡುವ ಮಾವಿನ ಮರ ಇದೆ ಎಂಬುದನ್ನೂ ಅದರಲ್ಲಿ ಆತ ಬರೆಯಲು ಮರೆತಿಲ್ಲ. ಓರ್ತಾ ಯಹೂದಿ ಮೂಲದ ಮತಾಂತರಿತ ಕುಟುಂಬದವನು. ತೀರಿಕೊಂಡದ್ದು 1568ರಲ್ಲಿ. ಗೋವೆಯ ಇನ್‌ಕ್ವಿಸಿಷನ್ ಅಷ್ಟಕ್ಕೇ ಬಿಡಲಿಲ್ಲ. 1580ರಲ್ಲಿ ಗೋರಿಯಿಂದ ಅವನ ಮೂಳೆಗಳನ್ನು ತೆಗೆಸಿ ಸುಟ್ಟಿತು.

ಓರ್ತಾನ ಮನೆ ಮಾತ್ರ ಉಳಿಯಿತು, ಅವನ ನಂತರದ ಗೇಣಿದಾರರ ಕೈಗೆ ಹೋಯಿತು. 1626ರ ಅಕ್ಟೋಬರ್‌ನಲ್ಲಿ ಪೋರ್ಚುಗೀಸರನ್ನು ಹುಡುಕಿಕೊಂಡು ಡಚ್ಚರ ಮತ್ತು ಇಂಗ್ಲಿಷರ ಹಡಗುಗಳು ಜೊತೆಯಾಗಿ ಬಂದು ದಡಕ್ಕಿಳಿದು ದೊಡ್ಡಮನೆಗೆ ಬೆಂಕಿ ಹಚ್ಚಿದವು. ಸುಟ್ಟ ಮನೆಯನ್ನು ಮತ್ತೆ ಎಬ್ಬಿಸಲಾಯಿತು. ಮುಂದೆ 1661ರ ಮದುವೆಯ ಒಪ್ಪಂದದಲ್ಲಿ ಮುಂಬಯಿ ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್‌ಗೆ ಬಳುವಳಿಯಾಗಿ ಹೋಯಿತಲ್ಲ, ಆ ಹಸ್ತಾಂತರದ ಕಾಗದಕ್ಕೆ ಸಹಿ ಬಿದ್ದದ್ದು ಇದೇ ಮನೆಯಲ್ಲಿ, 1665ರ ಫೆಬ್ರವರಿ 18ರಂದು. ಆಗ ಮನೆಯ ಯಜಮಾನಿ ಡೋನಾ ಇಗ್ನೆಸ್ ದ ಮಿರಾಂಡಾ ಎಂಬ ವಿಧವೆ. ದ್ವೀಪವನ್ನು ಪಡೆದುಕೊಂಡವನು ಹಂಫ್ರಿ ಕುಕ್. ಮೂರೇ ವರ್ಷಕ್ಕೆ ರಾಜನಿಗೆ ಈ ದ್ವೀಪ ಭಾರವೆನಿಸಿ, 1668ರಲ್ಲಿ ವರ್ಷಕ್ಕೆ ಹತ್ತು ಪೌಂಡ್ ಗೇಣಿಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟುಬಿಟ್ಟ.

ದಕ್ಷಿಣ ಕನ್ನಡದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಎರಡು ಮಾತುಗಳಿದ್ದವು. ಗೇಣಿ ಕೊಡುತ್ತಿರುವಷ್ಟು ಕಾಲ ತಲೆಮಾರುಗಳವರೆಗೆ ಯಾರೂ ಎಬ್ಬಿಸಲಾಗದ್ದು ಮೂಲಗೇಣಿ, ಧಣಿಗೆ ಬೇಡವೆನಿಸಿದಾಗ ಬಿಟ್ಟೇಳಬೇಕಾದದ್ದು ಚಾಲಗೇಣಿ. ಹತ್ತು ಪೌಂಡಿಗೆ ಕಂಪನಿಗೆ ಸಿಕ್ಕಿದ್ದು ಒಂದು ರೀತಿಯ ಮೂಲಗೇಣಿ. ಅಲ್ಲೇ ತೆಂಗಿನ ತೋಟ, ಭತ್ತದ ಗದ್ದೆ ಮಾಡಿಕೊಂಡಿದ್ದ ಕುಣಬಿಗಳು, ಮೂರ್ತೆ ಮಾಡುವ ಭಂಡಾರಿಗಳು, ಮೀನು ಹಿಡಿಯುವ ಕೋಳಿಗಳಿಗೆ ಈ ಕಾಗದಪತ್ರಗಳಲ್ಲಿ ಜಾಗ ಇರಲಿಲ್ಲ. ಜಮೀನಿನ ಜೊತೆಗೆ ಅವರೂ ಕೈಬದಲಾದರು, ಅಷ್ಟೇ.

ಓರ್ತಾನ ಮನೆಯ ಸುತ್ತ ಕಂಪನಿಯ ಕೋಟೆ ಬೆಳೆಯಿತು. ಮನೆ ಅದರೊಳಗೆ ಕರಗಿತು. ಉತ್ತರಕ್ಕೆ, ಪರೇಲಿನಲ್ಲಿ, ಇನ್ನೊಂದು ದೊಡ್ಡಮನೆ ತನ್ನ ಸರದಿಗೆ ಕಾಯುತ್ತಿತ್ತು.

ಇಗರ್ಜಿಯಿಂದ ನಾಚ್‌ಘರ್

ಪೋರ್ಚುಗೀಸರ ಕಾಲದಲ್ಲಿ ದ್ವೀಪಗಳ ಉತ್ತರ ಭಾಗದ ಬಹಳಷ್ಟು ಜಮೀನು ಜೆಸ್ವಿಟ್ ಪಾದ್ರಿಗಳ ಕೈಯಲ್ಲಿತ್ತು. ಪರೇಲಿನಲ್ಲಿ ಅವರ ಇಗರ್ಜಿ, ವಾಸದ ಮನೆ, ಅದಕ್ಕೆ ಸೇರಿದ ಭೂಮಿ ಇತ್ತು. ಆ ಇಗರ್ಜಿ ಇದ್ದ ಜಾಗದಲ್ಲಿ ಅದಕ್ಕೂ ಮೊದಲು ಪರಳಿ ವೈಜನಾಥನ ಗುಡಿ ಇತ್ತು, ಪರೇಲ್ ಎಂಬ ಹೆಸರು ಬಂದದ್ದೂ ಅದರಿಂದಲೇ ಎಂಬ ಪ್ರತೀತಿ ಇದೆ. ಪ್ರತೀತಿ ಏನೇ ಇರಲಿ, ಪರೇಲಿನ ಪುರಾತನತೆಗೆ ಕಲ್ಲಿನ ಸಾಕ್ಷಿಯೇ ಇದೆ. 1931ರಲ್ಲಿ ಇಲ್ಲಿ ರಸ್ತೆ ಮಾಡುವಾಗ ಸುಮಾರು ಆರನೇ ಶತಮಾನದ, ಆಳೆತ್ತರದ ಎರಡು ಪಾಲು ಇರುವ ಒಂದು ಶಿವನ ಶಿಲ್ಪ ಸಿಕ್ಕಿತು. ಒಂದೇ ಕಲ್ಲಿನಲ್ಲಿ ಶಿವನೊಳಗಿಂದ ಶಿವ ಮೂಡಿಬರುವ ಆ ಶಿಲ್ಪ ಈಗ ಪರೇಲಿನ ಬಾರಾದೇವಿ ಗುಡಿಯಲ್ಲಿದೆ.

ಕಂಪನಿ ಬಂದಾಗಲೂ ಪಾದ್ರಿಗಳ ಭೂಮಿ ಪೂರ್ತಿ ಹೋಗಲಿಲ್ಲ. ಗವರ್ನರ್ ಜೆರಾಲ್ಡ್ ಆಂಜಿಯರ್ 1670ರ ದಶಕದ ಆರಂಭದಲ್ಲಿ ಜಮೀನುದಾರರ ಜೊತೆ ಒಂದು ಒಪ್ಪಂದ ಮಾಡಿಕೊಂಡ. ಎಲ್ಲರೂ ಸೇರಿ ವರ್ಷಕ್ಕೆ ಇಪ್ಪತ್ತು ಸಾವಿರ ಷೆರಾಫಿನ್ ಕೊಟ್ಟರೆ ಅವರವರ ಭೂಮಿ ಅವರವರಿಗೆ ಎಂಬ ಮಾತಾಯಿತು. ಗಂಡಾಂತರ ಬಂದದ್ದು 1689ರಲ್ಲಿ. ಜಂಜೀರದ ಸಿದ್ದಿ ಯಾಕೂಬ್ ದಂಡೆತ್ತಿ ಬಂದು ಶಿವಡಿ, ಮಝಗಾಂವ್, ಮಾಹಿಮ್‌ಗಳನ್ನು ಹಿಡಿದು, ಮರುವರ್ಷದವರೆಗೆ ಕೋಟೆಗೆ ಮುತ್ತಿಗೆ ಹಾಕಿದ. ಅವನು ಹಿಂದಿರುಗಿದ ಮೇಲೆ, ಪಾದ್ರಿಗಳು ಸಿದ್ದಿಗೆ ನೆರವಾದರೆಂದು ಕಂಪನಿ ಆರೋಪ ಹೊರಿಸಿ ಅವರ ಭೂಮಿಯನ್ನು ಕಿತ್ತುಕೊಂಡಿತು. ಪರೇಲಿನ ಮನೆ, ಚಾರ್ಲ್ಸ್ ಬೂನ್ ಗವರ್ನರ್ ಆಗಿದ್ದ 1715-22ರ ಅವಧಿಯಲ್ಲಿ, ಗವರ್ನರರು ಗಾಳಿ ಬದಲಾವಣೆಗೆ ಬಂದಿರುವ ಬಂಗಲೆಯಾಯಿತು.

ಹೊಸ ಧಣಿಗಳು ಗೋಡೆ ಕೆಡವಲಿಲ್ಲ, ಉಪಯೋಗ ಬದಲಿಸಿದರು. ಇಗರ್ಜಿಯ ಎತ್ತರದ ಒಳಗೆ ಒಂದು ಅಟ್ಟಣೆ ಹಾಕಿ ಕೆಳಗೆ ಊಟದ ಹಜಾರ, ಮೇಲೆ ನೃತ್ಯದ ಹಜಾರ ಮಾಡಿಕೊಂಡರು. 1825ರಲ್ಲಿ ಇಲ್ಲಿಗೆ ಅತಿಥಿಯಾಗಿ ಬಂದಿದ್ದ ಬಿಷಪ್ ಹೆಬರ್ ತನ್ನ ಪ್ರವಾಸ ಕಥನದಲ್ಲಿ ಈ ಎರಡು ಹಜಾರಗಳ ಬಗ್ಗೆ ಬರೆದಿದ್ದಾನೆ. ಪೂಜೆ ನಡೆದ ಜಾಗದಲ್ಲಿ ಔತಣ ನಡೆಯುತ್ತಿದೆ ಎಂಬುದು ಅವನ ಗಮನಕ್ಕೂ ಬಂದಿತ್ತು.

ನಮ್ಮ ಜಿಲ್ಲೆಗಳನ್ನು ಆಳಿದ ಮನೆ

ಇಲ್ಲಿ ಕಾಯಮ್ಮಾಗಿ ವಾಸಕ್ಕೆ ಬಂದ ಮೊದಲ ಗವರ್ನರ್ ವಿಲಿಯಂ ಹಾರ್ನ್‌ಬಿ, ವರ್ಲಿ ಕಡೆ ಸಮುದ್ರಕ್ಕೆ ಒಡ್ಡು ಕಟ್ಟಿಸಿದವನು. ಅವನ ಕಾಲ 1771ರಿಂದ 1784. ಆ ಒಡ್ಡು ಆದ ಮೇಲೆ ಪರೇಲಿನ ಕೆಳಗಿನ ಜೌಗು ನೆಲ ನಿಧಾನವಾಗಿ ಒಣಗಿ ಗಟ್ಟಿ ಭೂಮಿಯಾಯಿತು.

ಗವರ್ನರ್ ಡಂಕನ್ ಕಾಲದಲ್ಲಿ ಈ ಮನೆಯನ್ನು ನ್ಯಾಯಾಧೀಶ ಸರ್ ಜೇಮ್ಸ್ ಮೆಕಿಂಟೋಷ್‌ಗೆ ವಾಸಕ್ಕೆ ಕೊಟ್ಟಿದ್ದರು. 1804ರ ನವೆಂಬರ್ 26ರಂದು ಅವನು ಕೆಲವು ಗೆಳೆಯರನ್ನು ಇಲ್ಲಿಗೆ ಕರೆದು ಬಾಂಬೆ ಲಿಟರರಿ ಸೊಸೈಟಿಯನ್ನು ಶುರುಮಾಡಿದ. ಈಗ ಕೋಟೆಯ ಟೌನ್ ಹಾಲ್‌ನಲ್ಲಿರುವ, ಬಿಳಿ ಮೆಟ್ಟಿಲುಗಳ ಏಷ್ಯಾಟಿಕ್ ಸೊಸೈಟಿಯ ಬೀಜ ಅದೇ.

ಕನ್ನಡಿಗರು ನೆನಪಿಡಬೇಕಾದ ಹೆಸರು ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಧಾರವಾಡದ ಸೀಮೆ ಕಂಪನಿಗೆ ಬಂತು. ಮರುವರ್ಷ ಎಲ್ಫಿನ್‌ಸ್ಟನ್ ಮುಂಬಯಿಯ ಗವರ್ನರ್ ಆದ. 1824ರ ಅಕ್ಟೋಬರ್‌ನಲ್ಲಿ ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಸತ್ತುಬಿದ್ದಾಗ, ರಾಣಿ ಚೆನ್ನಮ್ಮನ ವಿರುದ್ಧ ಮತ್ತೆ ಸೈನ್ಯ ಹೊರಟಾಗ, ಮುಂಬಯಿಯಲ್ಲಿ ಗವರ್ನರ್ ಆಗಿದ್ದವನು ಅವನೇ. ಧಾರವಾಡ, ಬೆಳಗಾವಿ, ಬಿಜಾಪುರದ ಭಾಗಗಳು, 1862ರ ನಂತರ ಉತ್ತರ ಕನ್ನಡ, ಇವೆಲ್ಲವೂ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಅಂದರೆ ಕಾರವಾರದ ಮಾಮಲೇದಾರನಿಗೂ ಹುಬ್ಬಳ್ಳಿಯ ಶಾಲಾ ಮಾಸ್ತರನಿಗೂ ಮೇಲಿನ ಮೇಲಿನ ಧಣಿ ಪರೇಲಿನ ಈ ಮನೆಯಲ್ಲಿದ್ದ. ಮುಂಬಯಿಗೂ ಕನ್ನಡಿಗರಿಗೂ ಇರುವ ನಂಟು ಹೋಟೆಲು ತೆರೆಯಲು ಬಂದಾಗ ಶುರುವಾದದ್ದು ಎಂದುಕೊಳ್ಳುತ್ತೇವೆ. ಅದಕ್ಕಿಂತ ಬಹಳ ಮೊದಲೇ ನಮ್ಮ ಅರ್ಧ ನಾಡಿನ ಕಂದಾಯದ ಲೆಕ್ಕ ಇಲ್ಲಿಗೆ ಬಂದು ಮುಟ್ಟುತ್ತಿತ್ತು.

1875ರಲ್ಲಿ ವೇಲ್ಸ್ ರಾಜಕುಮಾರ ಭಾರತಕ್ಕೆ ಬಂದಾಗ ಉಳಿದುಕೊಂಡದ್ದು ಇದೇ ಪರೇಲಿನಲ್ಲಿ. ಮನೆಯ ವೈಭವದ ತುದಿ ಅದು. ಅಷ್ಟರಲ್ಲಿ ಸುತ್ತ ಹತ್ತಿ ಗಿರಣಿಗಳು ಏಳತೊಡಗಿದ್ದವು. ಹೊಗೆ, ಚಾಳುಗಳು, ಕೆಟ್ಟ ನೀರು ದೊಡ್ಡಮನೆಯ ಬೇಲಿಯವರೆಗೂ ಬಂದವು. 1882ರಲ್ಲಿ ಗವರ್ನರ್ ಜೇಮ್ಸ್ ಫರ್ಗುಸನ್ ಅವರ ಹೆಂಡತಿ ಕಾಲರಾದಿಂದ ತೀರಿಕೊಂಡರು. ಗಿರಣಿ ಕಾರ್ಮಿಕರ ಕೇರಿಯಲ್ಲಿ ವರ್ಷವೂ ಸಾಯಿಸುತ್ತಿದ್ದ ರೋಗ ಗವರ್ನರರ ಮಹಡಿಯನ್ನೂ ಹತ್ತಿತ್ತು. ಆಮೇಲೆ ಗವರ್ನರರು ಇಲ್ಲಿ ನಿಲ್ಲಲಿಲ್ಲ, ಮಲಬಾರ್ ಪಾಯಿಂಟಿನ ಸಮುದ್ರದ ಗಾಳಿಗೆ ಹೊರಟುಹೋದರು. ದೊಡ್ಡಮನೆ ಖಾಲಿ ಬಿತ್ತು.

ತುಪ್ಪದ ಹನಿ, ಇಲಿಯ ಚಿಗಟ

1896ರ ಸೆಪ್ಟೆಂಬರ್‌ನಲ್ಲಿ ಮಾಂಡವಿಯ ಧಾನ್ಯದ ಗೋದಾಮುಗಳ ಕೇರಿಯಲ್ಲಿ ಡಾಕ್ಟರ್ ಅಕಾಸಿಯೊ ವೀಗಸ್ ಪ್ಲೇಗನ್ನು ಗುರುತಿಸಿದರು. ಎಂಟು ಲಕ್ಷಕ್ಕೂ ಮಿಕ್ಕಿದ ಜನರಿದ್ದ ನಗರದಿಂದ ಕೆಲವೇ ತಿಂಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಊರು ಬಿಟ್ಟರು. ಇದ್ದವರ ಮನೆಗಳನ್ನು ಸರ್ಕಾರ ಜಾಲಾಡಿತು. ರೋಗಿಗಳನ್ನು ಎಳೆದೊಯ್ಯುತ್ತಾರೆಂಬ ಭಯದಲ್ಲಿ ಅಕ್ಟೋಬರ್‌ನಲ್ಲಿ ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ನುಗ್ಗಿದರು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. 2020ರಲ್ಲಿ ಕೊರೊನಾ ಬಂದಾಗ ನಮ್ಮ ಮೇಲೆ ಜಾರಿಯಾದದ್ದು ಅದೇ ಕಾಯಿದೆ.

ಸರ್ಕಾರದ ಕರೆಯ ಮೇಲೆ ಕಲ್ಕತ್ತೆಯಿಂದ ವಾಲ್ಡಮರ್ ಹಾಫ್‌ಕಿನ್ ಬಂದರು. ಒಡೆಸ್ಸಾದ ಯಹೂದಿ, ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿ ಪಳಗಿದವರು, ಕಾಲರಾಕ್ಕೆ ಲಸಿಕೆ ಮಾಡಿದವರು. ಮುಂಬಯಿಯ ಮೊದಲ ದೊಡ್ಡಮನೆಯಲ್ಲಿ ಓರ್ತಾ ಎಂಬ ಯಹೂದಿ ಮೂಲದ ವೈದ್ಯ ಇದ್ದನಲ್ಲ, ಮುನ್ನೂರೈವತ್ತು ವರ್ಷಗಳ ನಂತರ ಎರಡನೆಯದನ್ನು ತುಂಬಿದವರೂ ತನ್ನ ಧರ್ಮದ ಕಾರಣಕ್ಕೆ ಹುಟ್ಟೂರಿನಲ್ಲಿ ಮುಂದೆ ಬರಲಾಗದ ಇನ್ನೊಬ್ಬ ಯಹೂದಿ.

ಹಾಫ್‌ಕಿನ್ ಮೊದಲು ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಸಣ್ಣ ಕೋಣೆಯಲ್ಲಿ ಕೆಲಸ ಮಾಡಿದರು. ವಿಧಾನ ನಮ್ಮ ಅಡುಗೆಮನೆಗೆ ದೂರದ್ದಲ್ಲ. ಸಾರಿನಂಥ ದ್ರವದ ಮೇಲೆ ತುಪ್ಪದ ಹನಿ ತೇಲಿಬಿಟ್ಟರೆ, ಪ್ಲೇಗಿನ ರೋಗಾಣು ಆ ಹನಿಯ ತಳಕ್ಕೆ ಅಂಟಿಕೊಂಡು ಎಳೆ ಎಳೆಯಾಗಿ ಕೆಳಗೆ ಇಳಿಬೀಳುತ್ತ ಬೆಳೆಯುತ್ತದೆ. ಆಗಾಗ ಅಲುಗಾಡಿಸಿದರೆ ಎಳೆಗಳು ಕಳಚಿ ತಳ ಸೇರಿ, ಹೊಸ ಎಳೆಗಳು ಹುಟ್ಟುತ್ತವೆ. ಸಾಕಷ್ಟು ಬೆಳೆದ ಮೇಲೆ ಬಿಸಿಮಾಡಿ ಕೊಂದು, ಕೆಡದಂತೆ ಕಾರ್ಬಾಲಿಕ್ ಆಮ್ಲ ಸೇರಿಸಿದರೆ ಲಸಿಕೆ ಸಿದ್ಧ. 1897ರ ಜನವರಿ 10ರಂದು ಅದನ್ನು ಮೊದಲು ತಮಗೇ ಚುಚ್ಚಿಸಿಕೊಂಡರು. ಆ ತಿಂಗಳ ಕೊನೆಗೆ ಬೈಕಲಾ ಜೈಲಿನಲ್ಲಿ, ಒಪ್ಪಿದ ಕೈದಿಗಳ ಮೇಲೆ ಪರೀಕ್ಷೆ ನಡೆಯಿತು.

ಮುಂದಿನ ವರ್ಷ ಪ್ಲೇಗು ರೈಲಿನ ಹಾದಿ ಹಿಡಿದು ನಮ್ಮ ನಾಡಿಗೂ ಇಳಿಯಿತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಡಾಕ್ಟರ್ ಲ್ಯೂಮನ್ ಮತ್ತು ಅವರ ಜೊತೆಯವರು ಹತ್ತಾರು ಸಾವಿರ ಮಂದಿಗೆ ಹಾಫ್‌ಕಿನ್ನರ ಲಸಿಕೆ ಹಾಕಿದರು. ಇಡೀ ಒಂದು ಊರಿಗೆ ಊರೇ ತೋಳು ಕೊಟ್ಟದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಲಸಿಕೆ ಹಾಕಿಸಿಕೊಂಡವರಲ್ಲಿ ಸಾವು ಎಷ್ಟು ಕಡಿಮೆ ಎಂದು ತೋರಿಸಲು ಹುಬ್ಬಳ್ಳಿಯ ಲೆಕ್ಕವನ್ನು ಆಮೇಲೆ ಬಹುಕಾಲ ಮುಂದಿಡುತ್ತಿದ್ದರು.

ಬೇಡಿಕೆ ಬೆಳೆದಂತೆ ಜಾಗ ಸಾಲದಾಯಿತು. ಆಗಲೇ ಖಾಲಿ ಬಿದ್ದಿದ್ದ ದೊಡ್ಡಮನೆಯ ನೆನಪು ಬಂದದ್ದು. 1899ರ ಆಗಸ್ಟ್ 10ರಂದು ಗವರ್ನರ್ ಸ್ಯಾಂಡ್‌ಹರ್ಸ್ಟ್ ಪರೇಲಿನ ಹಳೆಯ ಬಂಗಲೆಯನ್ನು ಪ್ಲೇಗ್ ಸಂಶೋಧನಾ ಪ್ರಯೋಗಾಲಯವಾಗಿ ಉದ್ಘಾಟಿಸಿದರು. ಒಬ್ಬ ಗವರ್ನರನ ಪರಿವಾರಕ್ಕೆಂದು ಇದ್ದ ಕೋಣೆಗಳಿಗೆ ಸಾಲು ಸಾಲು ಫ್ಲಾಸ್ಕುಗಳು ಬಂದವು. 1897ರಿಂದ 1925ರ ನಡುವೆ ಮುಂಬಯಿಯಿಂದ ಹೊರಗೆ ಹೋದ ಪ್ಲೇಗ್ ಲಸಿಕೆಯ ಡೋಸುಗಳು ಎರಡು ಕೋಟಿ ಅರವತ್ತು ಲಕ್ಷ.

ಹಾಫ್‌ಕಿನ್ನರಿಗೆ ಸಿಕ್ಕ ಪ್ರತಿಫಲ ಮಾತ್ರ ಕಹಿ. 1902ರ ಅಕ್ಟೋಬರ್‌ನಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಬಾಟಲಿಯಿಂದ ಲಸಿಕೆ ಹಾಕಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತರು. ಬಾಟಲಿ ಪರೇಲಿನಿಂದ ಹೋದದ್ದು. ತಪ್ಪನ್ನು ಪ್ರಯೋಗಾಲಯದ ತಲೆಗೆ ಕಟ್ಟಿ ಹಾಫ್‌ಕಿನ್ನರನ್ನು ಕೆಲಸದಿಂದ ದೂರವಿಟ್ಟರು. ಹಳ್ಳಿಯಲ್ಲಿ ಬಾಟಲಿ ತೆರೆದ ಸಹಾಯಕನ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿ ಮಾಡದೆ ಬಳಸಿದ್ದ ಎಂಬ ಸಂಗತಿಗೆ ಬೆಲೆ ಸಿಗಲು, ರೊನಾಲ್ಡ್ ರಾಸ್‌ರಂಥವರು ಪತ್ರಿಕೆಗಳಲ್ಲಿ ಬರೆದು, 1907 ಬರಬೇಕಾಯಿತು. ಅವರು ಭಾರತಕ್ಕೆ ಹಿಂದಿರುಗಿದರೂ ಪರೇಲಿಗೆ ಬರಲಿಲ್ಲ. 1925ರಲ್ಲಿ ಸಂಸ್ಥೆಗೆ ಅವರ ಹೆಸರಿಟ್ಟರು. 1930ರಲ್ಲಿ ಅವರು ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡರು.

ಅವರ ಗೈರುಹಾಜರಿಯಲ್ಲೇ ಪರೇಲಿನಲ್ಲಿ ಇನ್ನೊಂದು ದೊಡ್ಡ ಕೆಲಸ ನಡೆಯಿತು. ಪ್ಲೇಗು ಇಲಿಯಿಂದ ಮನುಷ್ಯನಿಗೆ ದಾಟುವುದು ಹೇಗೆ? 1905ರಿಂದ ಪ್ಲೇಗ್ ಸಂಶೋಧನಾ ಆಯೋಗ ಈ ಪ್ರಯೋಗಾಲಯವನ್ನು ಕೇಂದ್ರ ಮಾಡಿಕೊಂಡು ಇದನ್ನು ಹುಡುಕಿತು. ಅದಕ್ಕಾಗಿ ಆರು ಪುಟ್ಟ ಗುಡಿಸಲುಗಳನ್ನು ಕಟ್ಟಿದರು. ಎರಡಕ್ಕೆ ನಾಡಹೆಂಚು, ಎರಡಕ್ಕೆ ಚಪ್ಪಟೆ ಹೆಂಚು, ಎರಡಕ್ಕೆ ತಗಡು. ನಾಡಹೆಂಚಿನ ಸಂದಿಯಲ್ಲಿ ಇಲಿಗಳು ಆರಾಮವಾಗಿ ಸಂಸಾರ ಮಾಡುತ್ತವೆ, ಚಪ್ಪಟೆ ಹೆಂಚಿನಲ್ಲಿ ಅಷ್ಟಿಲ್ಲ, ತಗಡಿನಲ್ಲಿ ಇಲ್ಲವೇ ಇಲ್ಲ. ಮಾಡಿನ ಕೆಳಗೆ ತಂತಿಯ ಬಲೆ ಹಾಕಿ, ಇಲಿ ಬೀಳದಂತೆ ಚಿಗಟ ಮಾತ್ರ ಬೀಳುವಂತೆ ಮಾಡಿದರು. ಗಿನಿಯಿಲಿಗಳನ್ನು ಒಳಗೆ ಬಿಟ್ಟರು. ನೆಲದಿಂದ ಎರಡು ಇಂಚು ಮೇಲಿಟ್ಟ ಪಂಜರದಲ್ಲಿದ್ದವಕ್ಕೆ ಪ್ಲೇಗು ಬಂತು, ಎರಡು ಅಡಿ ಎತ್ತರದಲ್ಲಿ ತೂಗುಹಾಕಿದವಕ್ಕೆ ಬರಲಿಲ್ಲ. ಇಲಿಯ ಚಿಗಟ ಸುಮಾರು ಐದು ಇಂಚಿಗಿಂತ ಮೇಲೆ ನೆಗೆಯಲಾರದು! ಕೆಟ್ಟ ಗಾಳಿ, ಕೊಳಕು ನೆಲ, ದೇವರ ಶಾಪ ಎಂಬ ವಾದಗಳಿಗೆಲ್ಲ ಉತ್ತರ ಸಿಕ್ಕಿತು.

ಪ್ಲೇಗಮ್ಮನ ಇನ್ನೊಂದು ಮಗು

ಇಲಿಯ ಚಿಗಟದ ಗುಟ್ಟು ತಿಳಿಯುವ ಮೊದಲೇ ಸರ್ಕಾರ ಇನ್ನೊಂದು ಮದ್ದಿಗೆ ಕೈಹಾಕಿತ್ತು. ರೋಗಕ್ಕೆ ಕಾರಣ ಗಾಳಿ ಬೆಳಕಿಲ್ಲದ ಕಿಕ್ಕಿರಿದ ಮನೆಗಳು ಎಂದು ಬಗೆದು 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿಸಿತು. ಹಳೆಯ ಕೇರಿಗಳನ್ನು ಒಡೆದು ಅಗಲ ರಸ್ತೆ ಮಾಡುವುದು, ಉತ್ತರಕ್ಕೆ ಹೊಸ ಬಡಾವಣೆ ಹಾಕುವುದು ಅದರ ಕೆಲಸ. ದಾದರ್-ಮಾಟುಂಗ, ಸಯನ್-ಮಾಟುಂಗ ಯೋಜನೆಗಳು ಹುಟ್ಟಿದ್ದು ಹೀಗೆ. ಅಲ್ಲಿಯವರೆಗೆ ಮಾಟುಂಗ ಅಂದರೆ ಗದ್ದೆ, ತೆಂಗು, ಕೆಲವು ಹಳ್ಳಿಗಳು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅಲ್ಲಿ ಫಿರಂಗಿ ದಳದ ಠಾಣ್ಯ ಇತ್ತು.

ಬೆಂಗಳೂರಿನ ಓದುಗರಿಗೆ ಇದು ಗೊತ್ತಿರುವ ಕಥೆಯೇ. ಅಲ್ಲಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳ ಯೋಜನೆ 1890ರ ದಶಕದ್ದು. 1898ರ ಪ್ಲೇಗು ಪೇಟೆಯ ಜನರನ್ನು ಅವುಗಳ ಕಡೆಗೆ ಅಟ್ಟಿತು. ಬೆಂಗಳೂರಿನಲ್ಲಿ ಪ್ಲೇಗಮ್ಮನಿಗೆ ಗುಡಿಗಳೂ ಆದವು. ಮಲ್ಲೇಶ್ವರದ ಅಡ್ಡರಸ್ತೆಗಳೂ ಮಾಟುಂಗದ ಅಡ್ಡರಸ್ತೆಗಳೂ ನೋಡಲು ದಾಯಾದಿಗಳ ಹಾಗೆ ಕಾಣುವುದು ಸುಮ್ಮನೆ ಅಲ್ಲ.

ಟ್ರಸ್ಟು ಉಳುವವರಿಂದ ಭೂಮಿ ಪಡೆದು, ಸಮಮಾಡಿ, ನಿವೇಶನಗಳನ್ನು ದೀರ್ಘ ಅವಧಿಯ ಗುತ್ತಿಗೆಗೆ ಕೊಟ್ಟಿತು. ಮತ್ತೆ ಅದೇ ಗೇಣಿ! ಆದರೆ ಈ ಸಲ ಷರತ್ತುಗಳಿದ್ದವು. ಕಟ್ಟಡ ಮೂರು ಅಂತಸ್ತಿಗಿಂತ ಮೇಲೇಳಬಾರದು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಗಾಳಿ ಬೆಳಕಿಗೆ ಜಾಗ ಬಿಡಬೇಕು. ರಸ್ತೆಯ ಬದಿಗೆ ಮರಗಳು ಬಂದವು, ಫೈವ್ ಗಾರ್ಡನ್ಸ್ ಬಂತು. 1920-30ರ ದಶಕಗಳಲ್ಲಿ ಇಲ್ಲಿನ ಫ್ಲಾಟುಗಳಿಗೆ ಬಂದವರಲ್ಲಿ ಆಫೀಸುಗಳ ಗುಮಾಸ್ತರು, ಟೈಪಿಸ್ಟರು, ಲೆಕ್ಕಿಗರಾಗಿದ್ದ ದಕ್ಷಿಣದವರು ಬಹಳ. 1926ರಲ್ಲಿ ಮೈಸೂರು ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ ಹುಟ್ಟಿದವು. 1942ರಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಬಾಳೆಎಲೆ ಹಾಸಿತು. ನಾಟಕ, ಯಕ್ಷಗಾನ, ಹರಿಕಥೆ, ಕಾಫಿಪುಡಿ, ಮಲ್ಲಿಗೆ, ಗೋಳಿಬಜೆ ಎಲ್ಲಕ್ಕೂ ಇಲ್ಲಿ ಜಾಗ ಸಿಕ್ಕಿತು. ಪ್ಲೇಗು ಬಾರದಿದ್ದರೆ ನಮಗೆ ಈ ಮಾಟುಂಗ ಸಿಗುತ್ತಿರಲಿಲ್ಲ ಎಂದು ಯೋಚಿಸಿದರೆ ಒಂದು ಥರ ಆಗುತ್ತದೆ. ಯಾರೋ ಸತ್ತ ಮನೆಯ ಬೆಳಕಿನಲ್ಲಿ ನಮ್ಮ ದೀಪ ಹಚ್ಚಿಕೊಂಡ ಹಾಗೆ.

ದೊಡ್ಡಮನೆಯಲ್ಲಿ ಉಳಿಯುವುದು ಏನು

ನಮ್ಮೂರು ಕಾರ್ಕಳದ ಕಡೆ. ಗುತ್ತಿನ ಮನೆಗಳು ನಮಗೆ ಹೊಸತಲ್ಲ. ಚಾವಡಿ, ಕೆತ್ತನೆಯ ಕಂಬ, ಅಂಗಳದ ಆಚೆ ಕಣ್ಣು ಹಾಯುವಷ್ಟು ಗದ್ದೆ, ಗದ್ದೆಯ ಅಂಚಿನಲ್ಲಿ ಒಕ್ಕಲುಗಳ ಗುಡಿಸಲು. 1974ರ ಮಾರ್ಚ್ 1ರಿಂದ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ಜಾರಿಗೆ ಬಂದು, ಗೇಣಿ ಭೂಮಿ ಉಳುವವರ ಪಾಲಾಯಿತು. ನ್ಯಾಯವಾಗಿಯೇ ಆಯಿತು. ಆಮೇಲೆ ಗುತ್ತಿನ ಮನೆಗಳ ಗತಿ ನೋಡಿದ್ದೇನೆ. ಕೆಲವು ಕುಸಿದವು. ಕೆಲವು ನೇಮದ ದಿನ ಮಾತ್ರ ಬಾಗಿಲು ತೆರೆಯುತ್ತವೆ, ಉಳಿದ ದಿನ ಮಕ್ಕಳೆಲ್ಲ ಮುಂಬಯಿಯಲ್ಲೋ ದುಬಾಯಿಯಲ್ಲೋ ಇರುತ್ತಾರೆ. ಕೆಲವನ್ನು ಬಿಚ್ಚಿ ಕಂಬಗಳನ್ನು ರೆಸಾರ್ಟುಗಳಿಗೆ ಮಾರಿದ್ದಾರೆ.

ಜಮೀನು ಹೋದ ಮೇಲೆ ದೊಡ್ಡಮನೆ ಬದುಕುವುದು ಕಷ್ಟ. ಪರೇಲಿನದು ಬದುಕಿತು. ಅದನ್ನು ಯಾರೂ ಸ್ಮಾರಕವೆಂದು ಕಾಪಾಡಿದ್ದಲ್ಲ, ಅದಕ್ಕೆ ಕೆಲಸ ಸಿಕ್ಕಿತು ಅಷ್ಟೇ. 1932ರಲ್ಲಿ ಸಾಹಿಬ್ ಸಿಂಗ್ ಸೋಖಿ ಅದರ ಮೊದಲ ಭಾರತೀಯ ನಿರ್ದೇಶಕರಾದರು. ಹಾವಿನ ವಿಷಕ್ಕೆ ಮದ್ದು, ಮುಂದೆ ಪೋಲಿಯೊ ಹನಿ, ಹೀಗೆ ಕಾಲಕ್ಕೆ ತಕ್ಕ ಕೆಲಸ ಬರುತ್ತಾ ಹೋಯಿತು. ಗದ್ದೆಯ ಹುಣಿಯಲ್ಲಿ ಕನ್ನಡಿ ಹಾವು ಕಚ್ಚಿದವನಿಗೆ ಆ ಮದ್ದು ಮಾಡಿದ ಮನೆಯಲ್ಲಿ ಹಿಂದೆ ಯಾರು ಕುಣಿಯುತ್ತಿದ್ದರು ಎಂಬುದು ಬೇಕಾಗಿಲ್ಲ. ಬೇಕಾಗದಿರುವುದೇ ಆ ಮನೆಯ ಗೆಲುವು.

ಇದನ್ನೆಲ್ಲ ಈಗ ಬರೆಯಲು ಕಾರಣ, ನಮ್ಮ ಕಟ್ಟಡಕ್ಕೂ ರೀಡೆವಲಪ್‌ಮೆಂಟಿನ ಮಾತು ಬಂದಿದೆ. ಮಾಟುಂಗದಲ್ಲಿ ಯಾವ ರಸ್ತೆಗೆ ಹೋದರೂ ಹಸಿರು ಬಲೆ ಹೊದ್ದ ಕಟ್ಟಡಗಳು. ಟ್ರಸ್ಟಿನ ಕಾಲದ ಮೂರಂತಸ್ತು ಕೆಡವಿ ಇಪ್ಪತ್ತೋ ಮೂವತ್ತೋ ಅಂತಸ್ತು ಎಬ್ಬಿಸುತ್ತಾರೆ. ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಮೇಲಿನ ಮಹಡಿಯ ಮಾಮಿಗೆ ಎಪ್ಪತ್ತೆಂಟು, ಲಿಫ್ಟಿಲ್ಲದೆ ಅವರು ವಾರಕ್ಕೊಮ್ಮೆ ದೇವಸ್ಥಾನಕ್ಕೆ ಇಳಿದರೆ ಹೆಚ್ಚು. ಮಳೆಗಾಲದಲ್ಲಿ ನಮ್ಮ ಸೂರು ಸೋರುತ್ತದೆ. ಕಂಬಗಳ ಒಳಗಿನ ಕಬ್ಬಿಣ ತುಕ್ಕು ಹಿಡಿದು ಹೊರಗೆ ಇಣುಕುತ್ತಿದೆ. ಬಾಡಿಗೆದಾರನಾದ ನನಗೆ ಅದರಲ್ಲಿ ಪಾಲೂ ಇಲ್ಲ, ನನ್ನದು ಚಾಲಗೇಣಿ. ಕಟ್ಟಡ ಇಳಿದ ದಿನ ನಾನು ಬೇರೆ ಮನೆ ನೋಡಿಕೊಳ್ಳಬೇಕು.

ಆದರೂ ಮೀಟಿಂಗಿಗೆ ಕರೆದಾಗ ಹೋಗಿ ಒಂದು ಮಾತು ಹೇಳಿ ಬಂದೆ. ಗೋಡೆ ಹೋಗಲಿ, ಎರಡು ಕಟ್ಟಡಗಳ ನಡುವಿನ ಜಾಗ ಹೋಗದಿರಲಿ. ಪ್ಲೇಗಿಗೆ ಕಾರಣ ಕೆಟ್ಟ ಗಾಳಿ ಎಂದು ನಂಬಿದ್ದ ಟ್ರಸ್ಟಿನ ಎಂಜಿನಿಯರುಗಳ ತರ್ಕ ತಪ್ಪಾಗಿತ್ತು, ಅದನ್ನು ಪರೇಲಿನ ಆರು ಗುಡಿಸಲುಗಳು ತೋರಿಸಿಕೊಟ್ಟವು. ಆದರೆ ಅವರು ಬಿಡಿಸಿದ ಜಾಗ ತಪ್ಪಾಗಿರಲಿಲ್ಲ. ಗಾಳಿ ಬೆಳಕಿಲ್ಲದ ಮನೆಯಲ್ಲಿ ಪ್ಲೇಗು ಅಲ್ಲದಿದ್ದರೆ ಕ್ಷಯ ಇದೆ. ಇದೇ ನಗರದ ಪೂರ್ವ ಉಪನಗರಗಳಲ್ಲಿ, ಒಂದಕ್ಕೊಂದು ಮೈ ತಾಗುವಂತೆ ಎಬ್ಬಿಸಿದ ಪುನರ್ವಸತಿ ಕಟ್ಟಡಗಳ ಕೆಳ ಅಂತಸ್ತುಗಳಲ್ಲಿ ಬಿಸಿಲು ಕಾಣದ ಮನೆಗಳಿಗೂ ಕ್ಷಯಕ್ಕೂ ಇರುವ ನಂಟನ್ನು 2018ರ ಒಂದು ಅಧ್ಯಯನ ಎತ್ತಿತೋರಿಸಿತ್ತು. ನೂರಿಪ್ಪತ್ತು ವರ್ಷಗಳ ಹಿಂದೆ ಸಾವಿರಾರು ಹೆಣಗಳನ್ನು ನೋಡಿ ಈ ನಗರ ಬರೆದುಕೊಂಡ ನಿಯಮ ಅದು. ಅದನ್ನು ನಾಲ್ಕು ಪಾರ್ಕಿಂಗಿಗೆ ಬಿಟ್ಟುಕೊಡುವುದು ಬೇಡ ಎಂದೆ.

"ನೀವು ಬಾಡಿಗೆಗೆ ಇರುವವರಲ್ವಾ, ನಿಮಗ್ಯಾಕೆ ಇಷ್ಟು ಚಿಂತೆ?" ಎಂದು ಒಬ್ಬರು ನಗುತ್ತಲೇ ಕೇಳಿದರು. ಪ್ರಶ್ನೆ ಸರಿಯಾದದ್ದೇ. ಆದರೆ ಈ ದ್ವೀಪದಲ್ಲಿ ಓರ್ತಾನೂ ಗೇಣಿಗೆ ಇದ್ದವನು, ಕಂಪನಿಯೂ ಗೇಣಿಗೆ ಇದ್ದದ್ದು, ಟ್ರಸ್ಟಿನ ನಿವೇಶನದಲ್ಲಿ ಮನೆ ಕಟ್ಟಿದವರೂ ಗುತ್ತಿಗೆಯವರೇ. ಸ್ವಂತದ್ದು ಎಂದುಕೊಂಡವರೆಲ್ಲ ಒಬ್ಬೊಬ್ಬರಾಗಿ ಎದ್ದು ಹೋದರು. ನಂತರ ಬಂದವರಿಗೆ ಉಪಯೋಗಕ್ಕೆ ಬಂದದ್ದು ಅವರು ಬಿಟ್ಟುಹೋದ ಜಾಗ, ಗಾಳಿ ಮತ್ತು ಕೆಲಸ. ನಮ್ಮ ಕಟ್ಟಡದ ಹೊಸ ನಕ್ಷೆ ಮುಂದಿನ ತಿಂಗಳು ಬರುತ್ತದಂತೆ. ಅದರಲ್ಲಿ ಮೊದಲು ನೋಡಬೇಕಾದದ್ದು ಎಷ್ಟು ಅಂತಸ್ತು ಎಂಬುದನ್ನಲ್ಲ, ಪಕ್ಕದ ಗೋಡೆ ಎಷ್ಟು ದೂರ ಎಂಬುದನ್ನು.